ಇಂಗ್ಲಿಷ್ ಮನೆಗೆಲಸ ಮತ್ತು ಗ್ರಾಮ ಪಂಚಾಯತಿಯ ಹೊಣೆ

(ಜಿಲ್ಲಾ ಪಂಚಾಯತಿ ಸಭಾಂಗಣದಲ್ಲಿ ಗ್ರಾಮ ಪಂಚಾಯತಿ ಸದಸ್ಯರಿಗಾಗಿ ಏರ್ಪಡಿಸಲಾಗಿದ್ದ ತರಬೇತಿ ಶಿಬಿರದಲ್ಲಿ ನಿವೃತ್ತ ಪ್ರೌಢಶಾಲಾ ಇಂಗ್ಲಿಷ್ ಶಿಕ್ಷಕರೊಬ್ಬರು ನೀಡಿದ ಉಪನ್ಯಾಸದ ಪಠ್ಯ. ಎಲ್ಲ ಸದಸ್ಯರ ಅವಗಾಹನೆಗಾಗಿ ಇಲ್ಲಿ ಪ್ರಕಟಿಸಲಾಗಿದೆ.)



ಈ ಶಿಬಿರದ ಕಾರ್ಯಸೂಚಿಯನ್ನು ನಾನು ನೋಡಿದೆ. ಕುಡಿಯುವ ನೀರು, ಉದ್ಯೋಗ ಖಾತರಿ ಕಾಮಗಾರಿ, ತೆರಿಗೆ ವಸೂಲಿ, ತ್ಯಾಜ್ಯ ವಿಲೇವಾರಿ ಇವೇ ಮೊದಲಾದ ವಿಷಯಗಳ ನಡುವೆ ‘ಮಕ್ಕಳ ಇಂಗ್ಲಿಷ್ ಮನೆಗೆಲಸ’ ಎಂಬ ಸಾಲು ಬೇರೆ ಹೊಲದ ಸಸಿಯಂತೆ ಕಂಡಿರಬಹುದು. ಇದು ಮೇಷ್ಟರ ಕೆಲಸ, ಪಂಚಾಯತಿಗೂ ಇದಕ್ಕೂ ಏನು ಸಂಬಂಧ ಎಂದು ತಮ್ಮಲ್ಲಿ ಕೆಲವರು ಮನಸ್ಸಿನಲ್ಲಿಯೇ ಕೇಳಿಕೊಂಡಿರಲೂಬಹುದು. ಆ ಪ್ರಶ್ನೆ ನ್ಯಾಯವಾದುದೇ. ಅದಕ್ಕೆ ಉತ್ತರಿಸುವುದಕ್ಕಾಗಿಯೇ ನಾನು ತಮ್ಮ ಮುಂದೆ ನಿಂತಿದ್ದೇನೆ.

1993ರ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮವು ಪ್ರತಿ ಗ್ರಾಮ ಪಂಚಾಯತಿಗೆ ಮೂರು ಸ್ಥಾಯಿ ಸಮಿತಿಗಳನ್ನು ವಿಧಿಸಿದೆ. ಪಂಚಾಯತಿಯ ಪಾಲಿಗೆ ಬಂದಿರುವ ವಿಷಯಗಳಲ್ಲಿ ಶಿಕ್ಷಣವೂ ಒಂದು. ಶಾಲೆಯ ಕಾಂಪೌಂಡು, ಶೌಚಾಲಯ, ನೀರಿನ ತೊಟ್ಟಿ ಇವುಗಳ ಮಟ್ಟಿಗೆ ತಾವು ಈ ಹೊಣೆಯನ್ನು ನಿರ್ವಹಿಸುತ್ತಲೇ ಬಂದಿದ್ದೀರಿ. ಶಾಲೆಯ ಗಂಟೆ ಬಾರಿಸಿ ಮಗು ಮನೆಗೆ ಬಂದ ಮೇಲಿನ ಎರಡು ಗಂಟೆಗಳ ಹೊಣೆ ಯಾರದು ಎಂಬುದು ಮಾತ್ರ ಎಲ್ಲಿಯೂ ಸ್ಪಷ್ಟವಾಗಿ ಬರೆದಿಲ್ಲ. ಶಿಕ್ಷಕರು ಆ ಹೊತ್ತಿಗೆ ಊರಿನಲ್ಲಿರುವುದಿಲ್ಲ. ತಂದೆತಾಯಿಗಳು ಹೊಲಗದ್ದೆಯಿಂದ ಹಿಂದಿರುಗಿರುವುದಿಲ್ಲ. ಉಳಿಯುವುದು ಊರು, ಎಂದರೆ ತಾವು.

ಉಳಿದ ವಿಷಯಗಳನ್ನು ಬಿಟ್ಟು ಇಂಗ್ಲಿಷನ್ನೇ ನಾನು ಎತ್ತಿಕೊಳ್ಳಲು ಕಾರಣವಿದೆ. ನಮ್ಮ ಸರ್ಕಾರಿ ಶಾಲೆಗಳಲ್ಲಿ 2007ರಿಂದ ಒಂದನೆಯ ತರಗತಿಯಲ್ಲಿಯೇ ಇಂಗ್ಲಿಷ್ ಒಂದು ವಿಷಯವಾಗಿ ಬಂದಿದೆ. ಕನ್ನಡ ಮಾಧ್ಯಮದ ಮಗುವಿಗೆ ಎಸ್‌ಎಸ್‌ಎಲ್‌ಸಿಯಲ್ಲಿ ಪ್ರಥಮ ಭಾಷೆ ಕನ್ನಡಕ್ಕೆ 125 ಅಂಕಗಳಾದರೆ ದ್ವಿತೀಯ ಭಾಷೆ ಇಂಗ್ಲಿಷಿಗೆ 100 ಅಂಕಗಳು. ಗಣಿತದ ಲೆಕ್ಕವನ್ನು ಅಂಗಡಿಯ ಲೆಕ್ಕ ತಿಳಿದ ಅಜ್ಜ ಒಂದಿಷ್ಟು ಹೇಳಿಕೊಟ್ಟಾನು. ಸಮಾಜ ವಿಜ್ಞಾನದ ಪಾಠವನ್ನು ಓದಬಲ್ಲ ಅಕ್ಕ ಒಂದಿಷ್ಟು ವಿವರಿಸಿಯಾಳು. ಇಂಗ್ಲಿಷ್ ಪುಸ್ತಕ ಬಿಚ್ಚಿದ ಕೂಡಲೇ ಮನೆಯವರೆಲ್ಲರೂ ಹಿಂದೆ ಸರಿಯುತ್ತಾರೆ. ಆ ಪುಸ್ತಕದ ಮುಂದೆ ನಮ್ಮ ಮಗು ಒಂಟಿಯಾಗಿ ಕುಳಿತಿರುತ್ತದೆ.

ನನ್ನದೇ ಒಂದು ತಪ್ಪು

ಅನ್ಯರನ್ನು ದೂರುವ ಮುನ್ನ ನನ್ನ ತಪ್ಪನ್ನು ಒಪ್ಪಿಕೊಳ್ಳುವುದು ಉಚಿತ. ನಾನು ಬಹುಕಾಲ ಪಾಠದ ಕೊನೆಯ ಪ್ರಶ್ನೆಗಳಿಗೆ ಉತ್ತರಗಳನ್ನು ಕಪ್ಪುಹಲಗೆಯ ಮೇಲೆ ಬರೆದು, ಮಕ್ಕಳಿಂದ ನಕಲು ಮಾಡಿಸಿ, ‘ಬಾಯಿಪಾಠ ಮಾಡಿಕೊಂಡು ಬನ್ನಿ’ ಎಂದು ಹೇಳಿ ಕಳುಹಿಸುತ್ತಿದ್ದೆ. ಪಠ್ಯಭಾಗ ಮುಗಿಯಬೇಕು, ಫಲಿತಾಂಶ ಬರಬೇಕು, ಮೇಲಿನವರಿಗೆ ಲೆಕ್ಕ ಕೊಡಬೇಕು ಎಂಬ ಒತ್ತಡದಲ್ಲಿ ಇದೇ ಸುಲಭದ ದಾರಿಯೆಂದು ನಂಬಿದ್ದೆ.

ಹತ್ತನೆಯ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು. ಅವಳ ನೋಟ್‌ಬುಕ್ ಇಡೀ ತರಗತಿಗೆ ಮಾದರಿ. ದುಂಡಾದ ಅಕ್ಷರ, ಒಂದು ಚಿತ್ತೂ ಇಲ್ಲ. ಆರ್.ಕೆ. ನಾರಾಯಣ್ ಅವರ ‘ಎ ಹೀರೋ’ ಎಂಬ ಪಾಠ ನಡೆದಿತ್ತು. ತಮ್ಮಲ್ಲಿ ಹಲವರು ಆಗುಂಬೆಯಲ್ಲಿ ಚಿತ್ರೀಕರಿಸಲಾದ ‘ಮಾಲ್ಗುಡಿ ಡೇಸ್’ ಧಾರಾವಾಹಿಯನ್ನು ದೂರದರ್ಶನದಲ್ಲಿ ಕಂಡಿರಬಹುದು. ಅದರಲ್ಲಿ ಬರುವ ಪುಟ್ಟ ಸ್ವಾಮಿಯ ಕಥೆಯೇ ಇದು. ಹುಲಿಯನ್ನು ಎದುರಿಸಿದ ಹಳ್ಳಿಯ ಹುಡುಗನೊಬ್ಬನ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ ತಂದೆ, ಬಲಕ್ಕಿಂತ ಧೈರ್ಯವೇ ಮುಖ್ಯವೆಂದು ಹೇಳಿ, ಅಜ್ಜಿಯ ಮಗ್ಗುಲಲ್ಲಿ ಮಲಗುವ ಮಗನಿಗೆ ಆ ರಾತ್ರಿ ತಮ್ಮ ಕಚೇರಿ ಕೋಣೆಯಲ್ಲಿ ಒಬ್ಬನೇ ಮಲಗುವಂತೆ ಸವಾಲು ಹಾಕುತ್ತಾರೆ. ಕತ್ತಲಲ್ಲಿ ನಡುಗುತ್ತಿದ್ದ ಹುಡುಗ, ಭೂತವೇ ಬಂದಿತೆಂದು ಬಗೆದು ಕೈಗೆ ಸಿಕ್ಕಿದ ಕಾಲನ್ನು ಕಚ್ಚುತ್ತಾನೆ. ಅದು ಕಳ್ಳನ ಕಾಲು. ಬೆಳಗಾಗುವಷ್ಟರಲ್ಲಿ ಸ್ವಾಮಿ ಊರಿಗೆ ವೀರ.

‘ತಂದೆ ಸ್ವಾಮಿಗೆ ಯಾವ ಸವಾಲು ಹಾಕಿದರು?’ ಎಂಬ ಪ್ರಶ್ನೆಗೆ ನಾನು ಉತ್ತರ ಬರೆಸಿದ್ದೆ. ಪರೀಕ್ಷೆಯಲ್ಲಿ ಪ್ರಶ್ನೆ ತಿರುಗಿ ಬಂದಿತು: ‘ಸ್ವಾಮಿಗೆ ಒಬ್ಬನೇ ಮಲಗಲು ಏಕೆ ಮನಸ್ಸಿರಲಿಲ್ಲ?’ ಆ ಹುಡುಗಿ ತಾನು ಬಾಯಿಪಾಠ ಮಾಡಿದ್ದ ಸವಾಲಿನ ಉತ್ತರವನ್ನೇ ಒಂದಕ್ಷರವೂ ತಪ್ಪದಂತೆ ಬರೆದಿದ್ದಳು. ನಾನು ಸೊನ್ನೆ ಹಾಕಿದೆ. ಮರುದಿನ ಅವಳನ್ನು ಕರೆದು ಕನ್ನಡದಲ್ಲಿ ಕೇಳಿದೆ, ‘ಅವನಿಗೆ ಒಬ್ಬನೇ ಮಲಗೋದಕ್ಕೆ ಯಾಕಮ್ಮ ಮನಸ್ಸಿರಲಿಲ್ಲ?’ ಅವಳು ತಡವರಿಸಲಿಲ್ಲ. ‘ಹೆದರಿಕೆ ಸಾರ್. ಅಜ್ಜಿ ಪಕ್ಕ ಮಲಗಿ ಅಭ್ಯಾಸ. ನಾನೂ ಅಪ್ಪನ ಜೊತೆ ಹೊಲ ಕಾಯೋಕೆ ಹೋದಾಗ ಅಪ್ಪ ನೀರು ತಿರುಗಿಸೋಕೆ ಎದ್ದುಹೋದ್ರೆ ಸಾಕು, ಎಲೆ ಅಲ್ಲಾಡಿದ್ರೂ ಏನೋ ಬಂತು ಅನ್ನಿಸ್ತದೆ’ ಎಂದಳು.

ಆ ಪಾಠವನ್ನು ಅಷ್ಟು ಚೆನ್ನಾಗಿ ಅರಿತವರು ತರಗತಿಯಲ್ಲಿ ಬೇರೊಬ್ಬರಿರಲಿಲ್ಲ. ಅವಳಿಗೆ ಉತ್ತರ ಗೊತ್ತಿತ್ತು, ಪ್ರಶ್ನೆ ಗೊತ್ತಿರಲಿಲ್ಲ. ‘ವೈ’ ಎಂದರೆ ‘ಏಕೆ’ ಎಂದು ನಿಂತು ಓದಿಕೊಳ್ಳುವ ಅಭ್ಯಾಸವನ್ನು ನಾನು ಅವಳಿಗೆ ಮಾಡಿಸಿರಲಿಲ್ಲ. ಆ ವರ್ಷ ಉಳಿದೆಲ್ಲ ವಿಷಯಗಳಲ್ಲಿ ತೇರ್ಗಡೆಯಾದ ಅವಳು ಇಂಗ್ಲಿಷಿನಲ್ಲಿ ಅನುತ್ತೀರ್ಣಳಾದಳು. ಪೂರಕ ಪರೀಕ್ಷೆಗೆ ಅರ್ಜಿ ತುಂಬಿಸಲು ಮನೆಗೆ ಹೋದೆ. ಮದುವೆಯ ಮಾತುಕತೆ ನಡೆದಿದೆ, ಇನ್ನು ಓದು ಸಾಕು ಎಂದರು. ಎಷ್ಟು ಹೇಳಿದರೂ ಮನೆಯವರು ಒಪ್ಪಲಿಲ್ಲ. ಆ ಒಂದು ವಿಷಯದ ಕಾರಣದಿಂದ ಒಂದು ಬಾಳಿನ ದಾರಿಯೇ ಬೇರೆಯಾಯಿತು. ಇಂದು ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಎಸ್‌ಎಸ್‌ಎಲ್‌ಸಿ ಪರೀಕ್ಷೆಗಳು ನಡೆಯುತ್ತಿವೆ, ಮಕ್ಕಳಿಗೆ ಅವಕಾಶ ಹೆಚ್ಚಿದೆ. ಪ್ರಶ್ನೆಯನ್ನು ಅರಿಯದೆ ಉತ್ತರವನ್ನು ನಕಲು ಮಾಡುವ ರೂಢಿ ಮಾತ್ರ ಹಾಗೆಯೇ ಉಳಿದಿದೆ.

ನೆರವು ಎಂದರೆ ಉತ್ತರ ಕೊಡುವುದಲ್ಲ

ಹಿಂದೆ ಉತ್ತರ ಗೈಡಿನಲ್ಲಿ ಸಿಗುತ್ತಿತ್ತು, ಇಲ್ಲವೇ ಮುಂದಿನ ಬೆಂಚಿನ ಗೆಳೆಯನ ಪುಸ್ತಕದಲ್ಲಿ. ಈಗ ಮೊಬೈಲಿನಲ್ಲಿ ಪ್ರಶ್ನೆಯ ಚಿತ್ರ ತೆಗೆದರೆ ಕ್ಷಣಮಾತ್ರದಲ್ಲಿ ಉತ್ತರ ಮೂಡುತ್ತದೆ. ಮಗು ಅದನ್ನು ಪುಸ್ತಕಕ್ಕೆ ಇಳಿಸಿಕೊಳ್ಳುತ್ತದೆ. ಶಿಕ್ಷಕರು ಕೆಂಪು ಶಾಯಿಯಲ್ಲಿ ಸರಿ ಗುರುತು ಹಾಕುತ್ತಾರೆ. ತಂದೆತಾಯಿ ಸಂತೋಷಪಡುತ್ತಾರೆ. ಕಲಿಕೆಯೊಂದು ನಡೆದಿಲ್ಲವೆಂಬುದು ಪರೀಕ್ಷಾ ಕೊಠಡಿಯಲ್ಲಿ ಮಾತ್ರ ತಿಳಿಯುತ್ತದೆ.

ಆದ್ದರಿಂದ ನಾನು ಇಂದು ತಮ್ಮಲ್ಲಿ ನಿವೇದಿಸಿಕೊಳ್ಳುವ ಮುಖ್ಯ ವಿಚಾರ ಒಂದೇ. ಮಗುವಿಗೆ ನೆರವಾಗುವುದೆಂದರೆ ಉತ್ತರ ಒದಗಿಸುವುದಲ್ಲ, ಪ್ರಶ್ನೆಯನ್ನು ಮಗು ತಾನಾಗಿ ಅರಿಯುವಂತೆ ಮಾಡುವುದು. ಈ ಕೆಲಸದ ಬಹುಭಾಗಕ್ಕೆ ನೆರವಾಗುವವರಿಗೆ ಇಂಗ್ಲಿಷ್ ತಿಳಿದಿರಬೇಕಾದ ಅಗತ್ಯವೇ ಇಲ್ಲ. ನಿವೃತ್ತಿಗೆ ಮುನ್ನಿನ ನನ್ನ ಕೊನೆಯ ವರ್ಷಗಳಲ್ಲಿ ನಾನು ಅನುಸರಿಸಿದ ಐದು ಹೆಜ್ಜೆಗಳನ್ನು ತಮ್ಮ ಮುಂದಿಡುತ್ತೇನೆ.

ಮೊದಲನೆಯದು, ಪ್ರಶ್ನೆಯನ್ನು ಮಗುವಿನಿಂದ ಗಟ್ಟಿಯಾಗಿ ಎರಡು ಸಲ ಓದಿಸುವುದು. ತೊದಲಿದರೂ ಚಿಂತೆಯಿಲ್ಲ.

ಎರಡನೆಯದು, ‘ಇದು ಏನು ಕೇಳುತ್ತಿದೆ, ಕನ್ನಡದಲ್ಲಿ ಹೇಳು’ ಎನ್ನುವುದು. ‘ಹೂ’ ಎಂದರೆ ಯಾರು, ‘ವಾಟ್’ ಎಂದರೆ ಏನು, ‘ವೇರ್’ ಎಂದರೆ ಎಲ್ಲಿ, ‘ವೆನ್’ ಎಂದರೆ ಯಾವಾಗ, ‘ವೈ’ ಎಂದರೆ ಏಕೆ, ‘ಹೌ’ ಎಂದರೆ ಹೇಗೆ. ಈ ಆರು ಪದಗಳನ್ನು ಒಂದು ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆದು ಗೋಡೆಗೆ ತೂಗುಹಾಕಿದರೆ ಅರ್ಧ ಗೊಂದಲ ಪರಿಹಾರವಾಗುತ್ತದೆ. ‘ಡಿಸ್ಕ್ರೈಬ್’ ಎಂದರೆ ವರ್ಣಿಸು, ‘ಕಂಪೇರ್’ ಎಂದರೆ ಹೋಲಿಸು, ‘ಗಿವ್ ರೀಸನ್ಸ್’ ಎಂದರೆ ಕಾರಣ ಕೊಡು ಎಂಬುದನ್ನೂ ಅದರ ಕೆಳಗೆ ಸೇರಿಸಬಹುದು.

ಮೂರನೆಯದು, ಉತ್ತರ ಪಾಠದ ಯಾವ ಭಾಗದಲ್ಲಿದೆಯೋ ಅಲ್ಲಿ ಬೆರಳಿಡುವಂತೆ ಹೇಳುವುದು. ತಪ್ಪು ಜಾಗದಲ್ಲಿ ಬೆರಳಿಟ್ಟರೆ ಗದರದೆ, ‘ಇಲ್ಲಿ ಏನಿದೆ ಹೇಳು’ ಎಂದು ಕೇಳಿದರೆ ಸಾಕು. ಮಗು ತಾನಾಗಿಯೇ ಮುಂದಕ್ಕೆ ಹುಡುಕುತ್ತದೆ.

ನಾಲ್ಕನೆಯದು, ಉತ್ತರವನ್ನು ಮೊದಲು ಕನ್ನಡದಲ್ಲಿ, ಮನೆಮಾತಿನಲ್ಲಿ ಹೇಳಿಸುವುದು. ಕೇಳುವವರು ನಿಜವಾಗಿ ತಿಳಿಯದವರಂತೆ ಕೇಳಬೇಕು. ಇಂಗ್ಲಿಷ್ ಬಾರದ ತಾಯಿ ಈ ಕೆಲಸಕ್ಕೆ ಮೇಷ್ಟರಿಗಿಂತ ಯೋಗ್ಯಳು. ಏಕೆಂದರೆ ಅವಳಿಗೆ ನಿಜವಾಗಿಯೂ ಕಥೆ ತಿಳಿಯದು. ‘ಆಮೇಲೆ ಏನಾಯ್ತು? ಅವನು ಯಾಕೆ ಹಾಗೆ ಮಾಡಿದ?’ ಎಂದು ಅವಳು ಕೇಳುವಾಗ ಮಗು ಗುರುವಾಗುತ್ತದೆ. ಹೇಳಿಕೊಡುವವನು ಕಲಿಯುವಷ್ಟು ಕೇಳುವವನು ಕಲಿಯಲಾರ.

ಐದನೆಯದು, ಪುಸ್ತಕ ಮುಚ್ಚಿ, ಹೇಳಿದ್ದನ್ನು ಎರಡು ಮೂರು ಸಣ್ಣ ಇಂಗ್ಲಿಷ್ ವಾಕ್ಯಗಳಲ್ಲಿ ಬರೆಸುವುದು. ಇಂಗ್ಲಿಷ್ ಬಲ್ಲವರ ನೆರವು ಬೇಕಾಗುವುದು ಈ ಕೊನೆಯ ಹೆಜ್ಜೆಯಲ್ಲಿ ಮಾತ್ರ. ಅವರು ಆ ಹೊತ್ತಿಗೆ ಸಿಗದಿದ್ದರೆ ಮಗು ತಪ್ಪಾಗಿಯೇ ಬರೆದುಕೊಂಡು ಹೋಗಲಿ. ಸ್ವಂತ ವಾಕ್ಯದ ತಪ್ಪನ್ನು ಶಿಕ್ಷಕರು ತಿದ್ದಬಲ್ಲರು. ನಕಲು ಮಾಡಿದ ಸರಿಯುತ್ತರದಲ್ಲಿ ತಿದ್ದಲು ಅವರಿಗೆ ಏನೂ ಸಿಗುವುದಿಲ್ಲ.

ಮಕ್ಕಳು ಎಡವುವ ತಾಣಗಳು

ಪಂಚಾಯತಿಯ ವತಿಯಿಂದ ನೆರವಿಗೆ ಬರುವ ಪಿಯುಸಿ, ಪದವಿ ವಿದ್ಯಾರ್ಥಿಗಳಿಗೆ ತಿಳಿಸಬೇಕಾದ ಕೆಲವು ಅಂಶಗಳಿವೆ. ನಮ್ಮ ಮಕ್ಕಳು ಇಂಗ್ಲಿಷಿನಲ್ಲಿ ಮಾಡುವ ತಪ್ಪುಗಳು ದಡ್ಡತನದಿಂದ ಆದವುಗಳಲ್ಲ. ಅವು ಕನ್ನಡವನ್ನು ಚೆನ್ನಾಗಿ ಬಲ್ಲ ಮಗುವಿನ ತಪ್ಪುಗಳು.

ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತದೆ: ‘ರೈತನು ಬೀಜ ಬಿತ್ತಿದನು.’ ಇಂಗ್ಲಿಷಿನಲ್ಲಿ ಅದು ನಡುವೆ ಬರುತ್ತದೆ: ರೈತ, ಬಿತ್ತಿದ, ಬೀಜ. ಕನ್ನಡದಲ್ಲಿ ‘ಬಂದಳು’ ಎಂಬ ಒಂದೇ ಪದ ಪೂರ್ಣ ವಾಕ್ಯವಾಗಬಲ್ಲದು, ಬಂದದ್ದು ಹೆಣ್ಣೆಂಬುದನ್ನು ಆ ಪದವೇ ಹೇಳುತ್ತದೆ. ಇಂಗ್ಲಿಷಿನ ‘ಕೇಮ್’ ಅದನ್ನು ಹೇಳಲಾರದು, ಮುಂದೆ ‘ಶಿ’ ಎಂದು ಬರೆಯಲೇಬೇಕು. ಕನ್ನಡದಲ್ಲಿ ‘ಮೇಲೆ’, ‘ಒಳಗೆ’ ಎಂಬುವು ಹೆಸರಿನ ಹಿಂದೆ ಬಂದರೆ, ಇಂಗ್ಲಿಷಿನ ‘ಆನ್’, ‘ಇನ್’ ಹೆಸರಿನ ಮುಂದೆ ನಿಲ್ಲುತ್ತವೆ. ಈ ಮೂರು ವ್ಯತ್ಯಾಸಗಳನ್ನು ಮನದಟ್ಟು ಮಾಡಿಸಿದರೆ ಬಹಳಷ್ಟು ತಪ್ಪುಗಳು ತಾವಾಗಿ ನಿಲ್ಲುತ್ತವೆ.

ಕಾಗುಣಿತದ ಮಾತೂ ಅಂತಹುದೇ. ಕನ್ನಡವನ್ನು ನುಡಿದಂತೆ ಬರೆಯುತ್ತೇವೆ. ಇಂಗ್ಲಿಷಿನಲ್ಲಿ ಚಾಕುವಿಗೆ ‘ನೈಫ್’ ಎನ್ನುತ್ತಾರೆ, ಬರೆಯುವಾಗ ಮೊದಲಿಗೆ ‘ಕೆ’ ಅಕ್ಷರವನ್ನು ಇಡುತ್ತಾರೆ. ಮಗು ‘ಎನ್’ನಿಂದ ಆರಂಭಿಸಿದರೆ ಅದು ಕಿವಿಗೆ ನಿಷ್ಠವಾಗಿದೆಯೆಂದು ಅರ್ಥ. ಬೆನ್ನಿಗೆ ಗುದ್ದುವ ಬದಲು ಆ ಪದವನ್ನು ಐದು ಸಲ ಬರೆಸಿದರೆ ಆಯಿತು.

ಮತ್ತೊಂದು ಉಪಾಯವೂ ಉಂಟು. ಉತ್ತರದ ಅರ್ಧ ಭಾಗ ಪ್ರಶ್ನೆಯಲ್ಲಿಯೇ ಅಡಗಿರುತ್ತದೆ. ‘ವೈ ಡಿಡ್ ಸ್ವಾಮಿ ಬೈಟ್ ದ ಲೆಗ್?’ ಎಂಬ ಪ್ರಶ್ನೆಯನ್ನು ತೆಗೆದುಕೊಳ್ಳಿ. ‘ವೈ’ ಮತ್ತು ‘ಡಿಡ್’ ಎಂಬ ಎರಡು ಪದಗಳನ್ನು ತೆಗೆದು, ‘ಬೈಟ್’ ಎಂಬುದನ್ನು ಭೂತಕಾಲದ ‘ಬಿಟ್’ ಎಂದು ತಿರುಗಿಸಿ, ಕೊನೆಗೆ ‘ಬಿಕಾಸ್’ ಎಂದು ಸೇರಿಸಿದರೆ ಉತ್ತರದ ಮೊದಲ ಭಾಗ ಸಿದ್ಧ. ಉಳಿದದ್ದು ಕಾರಣ ಮಾತ್ರ. ಆ ಕಾರಣವನ್ನು ಮಗು ನಾಲ್ಕನೆಯ ಹೆಜ್ಜೆಯಲ್ಲಿ ಕನ್ನಡದಲ್ಲಿ ಆಗಲೇ ಹೇಳಿರುತ್ತದೆ.

ಪದ್ಯಪಾಠ ಮತ್ತು ನಮ್ಮ ಊರಿನ ಅನುಭವ

ಗದ್ಯಕ್ಕಿಂತ ಪದ್ಯಕ್ಕೆ ಮಕ್ಕಳು ಹೆಚ್ಚು ಅಂಜುತ್ತಾರೆ. ಹತ್ತನೆಯ ತರಗತಿಯ ಮಕ್ಕಳಿಗೆ ನಾನು ಶೇಕ್ಸ್‌ಪಿಯರನ ‘ದ ಮರ್ಚೆಂಟ್ ಆಫ್ ವೆನಿಸ್’ ನಾಟಕದಲ್ಲಿ ದಯೆಯ ಗುಣವನ್ನು ಕುರಿತು ಬರುವ ಮಾತುಗಳನ್ನು ಪದ್ಯವಾಗಿ ಬೋಧಿಸಿದ್ದೇನೆ. ನಾಲ್ಕು ನೂರು ವರ್ಷಗಳ ಹಿಂದಿನ ಇಂಗ್ಲಿಷ್ ನಮ್ಮ ಹಳ್ಳಿಯ ಮಗುವಿಗೆ ಹೇಗೆ ದಕ್ಕೀತು ಎಂದು ನಾನೂ ಶಂಕಿಸಿದ್ದೆ.

ಪದಗಳ ಅರ್ಥವನ್ನು ಬದಿಗಿಟ್ಟು ಮೊದಲು ಸಂದರ್ಭವನ್ನು ಹೇಳಿದೆ. ಒಬ್ಬ ವ್ಯಾಪಾರಿ ತನ್ನ ಗೆಳೆಯನಿಗಾಗಿ ಸಾಲ ಮಾಡಿ ಪತ್ರ ಬರೆದುಕೊಟ್ಟಿದ್ದಾನೆ. ವಾಯಿದೆಯೊಳಗೆ ಹಣ ತೀರಿಸದಿದ್ದರೆ ತನ್ನ ಮೈಯಿಂದ ಒಂದು ಪೌಂಡು ಮಾಂಸವನ್ನು ಕೊಯ್ದುಕೊಳ್ಳಬಹುದೆಂದು ಒಪ್ಪಿದ್ದಾನೆ. ವಾಯಿದೆ ಮೀರಿದೆ. ಸಾಲ ಕೊಟ್ಟವನು ನ್ಯಾಯಾಲಯದಲ್ಲಿ ಕತ್ತಿ ಮಸೆಯುತ್ತ ನಿಂತಿದ್ದಾನೆ. ಆಗ ಗಂಡುವೇಷದಲ್ಲಿ ಬಂದ ಪೋರ್ಷಿಯಾ ಎಂಬ ಹೆಣ್ಣು, ಕಾನೂನಿಗಿಂತ ಕರುಣೆ ದೊಡ್ಡದೆಂದು ಅವನಿಗೆ ತಿಳಿಹೇಳುತ್ತಾಳೆ. ಸಾಲಪತ್ರ, ವಾಯಿದೆ, ಬಡ್ಡಿ ಇವುಗಳನ್ನು ನಮ್ಮ ಮಕ್ಕಳಿಗೆ ಯಾರೂ ವಿವರಿಸಬೇಕಾಗಿಲ್ಲ.

ಆಮೇಲೆ ಕೇಳಿದ್ದು ಇಷ್ಟೇ: ಇಲ್ಲಿ ಯಾವುದನ್ನು ಯಾವುದಕ್ಕೆ ಹೋಲಿಸಲಾಗಿದೆ? ದಯೆಯನ್ನು ಮಳೆಗೆ ಹೋಲಿಸಲಾಗಿದೆ. ಮಕ್ಕಳು ಕನ್ನಡ ತರಗತಿಯಲ್ಲಿ ಉಪಮೇಯ, ಉಪಮಾನ, ಸಮಾನಧರ್ಮ, ವಾಚಕಪದ ಎಂದು ಉಪಮಾಲಂಕಾರದ ಲಕ್ಷಣಗಳನ್ನು ಕಲಿತಿರುತ್ತಾರೆ. ದಯೆ ಉಪಮೇಯ, ಮಳೆ ಉಪಮಾನ. ಸಮಾನಧರ್ಮವೇನು? ಯಾರ ಅಪ್ಪಣೆಗೂ ಕಾಯದೆ ತಾನಾಗಿ ಸುರಿಯುವುದು. ಕನ್ನಡದ ‘ಅಂತೆ’ ಎಂಬ ವಾಚಕಪದದ ಕೆಲಸವನ್ನು ಇಂಗ್ಲಿಷಿನಲ್ಲಿ ‘ಆ್ಯಸ್’, ‘ಲೈಕ್’ ಎಂಬ ಪದಗಳು ಮಾಡುತ್ತವೆ. ಇಂಗ್ಲಿಷ್ ಪ್ರಶ್ನೆಪತ್ರಿಕೆಯಲ್ಲಿ ‘ಸಿಮಿಲಿ’ ಎಂದು ಕೇಳುವುದು ಇದನ್ನೇ, ‘ಮೆಟಫರ್’ ಎಂಬುದು ನಮ್ಮ ರೂಪಕ. ಇಷ್ಟು ತಿಳಿದ ಕೂಡಲೇ ಮಕ್ಕಳ ಮುಖದ ಮೇಲಿನ ಭಯ ಇಳಿಯಿತು. ಮೃಗಶಿರಾ ಮಳೆಗಾಗಿ ಆಕಾಶ ನೋಡುವ ರೈತನ ಮಗನಿಗೆ, ಮಳೆ ಏಕೆ ದಯೆಯಂತೆ ಎಂಬುದು ಪಟ್ಟಣದ ಮಗುವಿಗಿಂತ ಬೇಗ ಅರ್ಥವಾಗುತ್ತದೆ.

ಇಂಗ್ಲಿಷ್ ಪದ್ಯವನ್ನು ಕನ್ನಡದಲ್ಲಿ ಅರಿಯುವುದು ಹೊಸ ಮಾತಲ್ಲ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಬಿ.ಎಂ. ಶ್ರೀಕಂಠಯ್ಯನವರು ಇಂಗ್ಲಿಷ್ ಕವಿತೆಗಳನ್ನು ಕನ್ನಡಕ್ಕೆ ತಂದು 1926ರಲ್ಲಿ ‘ಇಂಗ್ಲಿಷ್ ಗೀತಗಳು’ ಎಂದು ಪ್ರಕಟಿಸಿದರು. ಹೊಸಗನ್ನಡ ಕಾವ್ಯಕ್ಕೆ ಆ ಪುಸ್ತಕ ದಾರಿ ತೆರೆಯಿತು. ಇಂಗ್ಲಿಷ್ ಕಲಿತರೆ ಕನ್ನಡ ಕೆಡುತ್ತದೆ ಎಂದು ಅಂಜುವವರಿಗೂ, ಕನ್ನಡ ಬಳಸಿದರೆ ಇಂಗ್ಲಿಷ್ ಬರುವುದಿಲ್ಲ ಎಂದು ವಾದಿಸುವವರಿಗೂ ಇದೇ ಉತ್ತರ. ಎರಡೂ ಭಾಷೆಗಳು ಒಂದರ ಕೈ ಹಿಡಿದು ಒಂದು ಬೆಳೆಯಬಲ್ಲವು.

ತಮ್ಮ ಹೆಸರಿಗೇ ಬರುವ ಪತ್ರ

ಇಂಗ್ಲಿಷ್ ಪ್ರಶ್ನೆಪತ್ರಿಕೆಯಲ್ಲಿ ಪತ್ರಲೇಖನದ ಪ್ರಶ್ನೆಯೊಂದು ಇರುವುದು ವಾಡಿಕೆ. ನಿಮ್ಮ ಊರಿನ ಬೀದಿದೀಪ ಸರಿಪಡಿಸುವಂತೆ, ಕುಡಿಯುವ ನೀರಿನ ವ್ಯವಸ್ಥೆ ಮಾಡುವಂತೆ ಗ್ರಾಮ ಪಂಚಾಯತಿ ಅಧ್ಯಕ್ಷರಿಗೆ ಪತ್ರ ಬರೆಯಿರಿ ಎಂಬಂತಹ ವಿಷಯಗಳು ಅಭ್ಯಾಸಕ್ಕೆ ಬರುತ್ತಲೇ ಇರುತ್ತವೆ. ಎಂದರೆ, ಸಾವಿರಾರು ಮಕ್ಕಳು ತಮಗೆ ಪತ್ರ ಬರೆಯುತ್ತಿದ್ದಾರೆ. ಅದು ತಮ್ಮ ಕೈಸೇರುವುದಿಲ್ಲ, ಅಷ್ಟೆ.

ಈ ಮನೆಗೆಲಸವನ್ನು ನಿಜ ಮಾಡಬಹುದು. ಎಂಟನೆಯ ತರಗತಿಯ ಮಗುವನ್ನು ಪಂಚಾಯತಿ ಕಚೇರಿಗೆ ಕರೆಯಿರಿ. ಅರ್ಜಿಯಲ್ಲಿ ಬರೆಯುವವರ ವಿಳಾಸ, ದಿನಾಂಕ, ಯಾರಿಗೆ, ವಿಷಯ, ಒಕ್ಕಣೆ, ಸಹಿ ಎಲ್ಲಿ ಬರುತ್ತವೆ ಎಂಬುದನ್ನು ತಮ್ಮ ಕಡತದಿಂದಲೇ ತೋರಿಸಿರಿ. ತನ್ನ ಬೀದಿಯ ನಿಜವಾದ ತೊಂದರೆಯನ್ನು ಮಗು ಮೊದಲು ಕನ್ನಡದಲ್ಲಿ, ಅನಂತರ ಇಂಗ್ಲಿಷಿನಲ್ಲಿ ಬರೆಯಲಿ. ಕನ್ನಡ ಪತ್ರವನ್ನು ತಾವು ಸ್ವೀಕರಿಸಿ ಸ್ವೀಕೃತಿ ಕೊಡಿ. ಇಂಗ್ಲಿಷ್ ಪತ್ರವನ್ನು ಶಿಕ್ಷಕರು ತಿದ್ದಲಿ. ಮಕ್ಕಳ ಗ್ರಾಮ ಸಭೆಯಲ್ಲಿ ಆ ಪತ್ರಗಳನ್ನು ಓದಿಸಿ, ಆದ ಕ್ರಮವನ್ನು ತಿಳಿಸಿದರೆ ಮಕ್ಕಳಿಗೆ ಭಾಷೆಯೂ ದಕ್ಕುತ್ತದೆ, ಪಂಚಾಯತಿಯ ಮೇಲೆ ವಿಶ್ವಾಸವೂ ಮೂಡುತ್ತದೆ.

ಹೆಣ್ಣುಮಕ್ಕಳ ಎರಡು ಮನೆಗೆಲಸ

ಮನೆಗೆಲಸ ಎಂಬ ಪದಕ್ಕೆ ಗಂಡುಮಗುವಿನ ಪಾಲಿಗೆ ಒಂದು ಅರ್ಥವಾದರೆ ಹೆಣ್ಣುಮಗುವಿನ ಪಾಲಿಗೆ ಎರಡು. ಶಾಲೆಯಿಂದ ಬಂದ ಹುಡುಗ ಚೀಲ ಎಸೆದು ಆಟಕ್ಕೆ ಓಡುತ್ತಾನೆ. ಹುಡುಗಿ ನೀರು ತರಬೇಕು, ಪಾತ್ರೆ ಬೆಳಗಬೇಕು, ತಮ್ಮನನ್ನು ನೋಡಿಕೊಳ್ಳಬೇಕು, ಒಲೆ ಹಚ್ಚಬೇಕು. ಪುಸ್ತಕ ತೆರೆಯುವ ವೇಳೆಗೆ ಕಣ್ಣು ಎಳೆಯುತ್ತಿರುತ್ತದೆ. ಅವಳಿಗೆ ನಕಲು ಮಾಡುವುದನ್ನು ಬಿಟ್ಟು ಬೇರೆ ದಾರಿ ಉಳಿದಿರುವುದಿಲ್ಲ.

ಇಲ್ಲಿ ಮಹಿಳಾ ಸದಸ್ಯರ ಮಾತಿಗೆ ತೂಕವಿದೆ. ಸ್ವಸಹಾಯ ಸಂಘದ ಸಭೆಗಳಲ್ಲಿ, ವಾರ್ಡ್ ಸಭೆಗಳಲ್ಲಿ ತಾಯಂದಿರಿಗೆ ತಾವು ಹೇಳಬೇಕಾದುದು ಇಷ್ಟು: ದಿನಕ್ಕೆ ಒಂದು ಗಂಟೆಯ ಕಾಲ ಮಗಳನ್ನು ಮನೆಯ ಕೆಲಸದಿಂದ ಬಿಡಿಸಿ. ಆ ಒಂದು ಗಂಟೆ ಅವಳ ಪಾಲಿನ ಆಸ್ತಿ.

ಪಂಚಾಯತಿ ಕೈಗೊಳ್ಳಬಹುದಾದ ಕ್ರಮಗಳು

ಇದಕ್ಕೆ ಹೊಸ ಕಟ್ಟಡವಾಗಲಿ ಹೊಸ ಯೋಜನೆಯಾಗಲಿ ಬೇಕಾಗಿಲ್ಲ. ಗ್ರಾಮೀಣ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ವ್ಯಾಪ್ತಿಗೆ ಬಂದಿವೆ, ಇಂದು ಅವು ಅರಿವು ಕೇಂದ್ರಗಳೆಂದು ಹೆಸರಾಗಿವೆ. ತೆರಿಗೆಯೊಂದಿಗೆ ಗ್ರಂಥಾಲಯ ಕರವನ್ನು ತಾವು ವಸೂಲು ಮಾಡುತ್ತಿದ್ದೀರಿ. ಆ ಕರ ಕೊಟ್ಟ ಮನೆಯ ಮಗುವಿಗೆ ಅದರ ಫಲ ಸಿಗಬೇಕಾದುದು ನ್ಯಾಯ. ಆದ್ದರಿಂದ ಕೆಳಕಂಡ ಕ್ರಮಗಳನ್ನು ಪರಿಶೀಲಿಸಬೇಕೆಂದು ಕೋರುತ್ತೇನೆ.

1. ಅರಿವು ಕೇಂದ್ರದ ವೇಳೆ ಮಕ್ಕಳ ವೇಳೆಗೆ ಹೊಂದುವಂತಿರಲಿ. ಮಗು ಶಾಲೆಯಲ್ಲಿರುವಾಗ ತೆರೆದು, ಮಗು ಬಂದಾಗ ಮುಚ್ಚುವ ಗ್ರಂಥಾಲಯದಿಂದ ಪ್ರಯೋಜನವಿಲ್ಲ. ಸಂಜೆಯ ಎರಡು ಗಂಟೆಗಳನ್ನು ಮನೆಗೆಲಸಕ್ಕೆಂದೇ ಮೀಸಲಿಡಬಹುದು.

2. ಕೂರಲು ಚಾಪೆ, ಸಾಕಷ್ಟು ಬೆಳಕು, ಕುಡಿಯುವ ನೀರು, ಬಳಸಲು ಯೋಗ್ಯವಾದ ಶೌಚಾಲಯ ಇವು ಇರಲಿ. ಕೇಂದ್ರದಿಂದ ಮನೆಯವರೆಗಿನ ಬೀದಿದೀಪಗಳು ಉರಿಯುತ್ತಿವೆಯೇ ಎಂಬುದನ್ನು ಆಯಾ ವಾರ್ಡಿನ ಸದಸ್ಯರೇ ಖುದ್ದಾಗಿ ನೋಡಲಿ. ದೀಪವಿಲ್ಲದ ಬೀದಿಯಿಂದ ಹೆಣ್ಣುಮಕ್ಕಳು ಸಂಜೆ ಬರುವುದಿಲ್ಲ.

3. ಒಳ್ಳೆಯ ಇಂಗ್ಲಿಷ್-ಕನ್ನಡ ನಿಘಂಟಿನ ಎರಡು ಮೂರು ಪ್ರತಿಗಳು ಮಕ್ಕಳ ಕೈಗೆ ಎಟಕುವಂತಿರಲಿ, ಬೀರುವಿನಲ್ಲಿ ಬೀಗ ಹಾಕಿಡುವುದು ಬೇಡ. ನಿಘಂಟು ನೋಡುವ ಕ್ರಮವನ್ನು ಮೊದಲ ವಾರದಲ್ಲಿಯೇ ಕಲಿಸಲಿ. ಎಂಟರಿಂದ ಹತ್ತನೆಯ ತರಗತಿಯ ಪಠ್ಯಪುಸ್ತಕಗಳ ಒಂದೊಂದು ಪ್ರತಿಯೂ ಅಲ್ಲಿರಲಿ. ಪಠ್ಯಪುಸ್ತಕಗಳು ಅಂತರ್ಜಾಲದಲ್ಲಿ ಉಚಿತವಾಗಿ ದೊರೆಯುತ್ತವೆ.

4. ಊರಿನ ಪಿಯುಸಿ, ಪದವಿ ವಿದ್ಯಾರ್ಥಿಗಳು ಹಾಗೂ ನಿವೃತ್ತ ಶಿಕ್ಷಕರ ಪಟ್ಟಿ ಮಾಡಿ, ವಾರಕ್ಕೆ ಒಂದು ಸಂಜೆಯಂತೆ ಸರದಿ ಗೊತ್ತುಪಡಿಸಬಹುದು. ಅವರಿಗೆ ವಿಧಿಸಬೇಕಾದ ನಿಯಮಗಳು ಎರಡು: ಮಗುವಿನ ಪುಸ್ತಕದಲ್ಲಿ ತಾವು ಬರೆಯಬಾರದು, ಮಗುವನ್ನು ಹಂಗಿಸಬಾರದು.

5. ಮೊಬೈಲು, ಕಂಪ್ಯೂಟರುಗಳನ್ನು ನಿಷೇಧಿಸುವುದು ಬೇಡ, ನಿಯಮದಿಂದ ಬಳಸಲಿ. ಪದದ ಉಚ್ಚಾರಣೆ ಕೇಳಲು, ಅರ್ಥ ನೋಡಲು, ಪಠ್ಯಪುಸ್ತಕದ ಕ್ಯೂಆರ್ ಕೋಡಿನ ಮೂಲಕ ದೀಕ್ಷಾ ತಾಣದ ಪಾಠ ವೀಕ್ಷಿಸಲು ಬಳಸಬಹುದು. ಬರೆಯುವ ಹೊತ್ತಿಗೆ ಪರದೆ ಮುಚ್ಚಿರಬೇಕು.

6. ‘ಮಕ್ಕಳು ಕೇಳಿದ ಪ್ರಶ್ನೆಗಳು’ ಎಂಬ ಒಂದು ದಾಖಲೆ ಪುಸ್ತಕ ಇಡಿ. ಕೇಂದ್ರದಲ್ಲಿ ಬಗೆಹರಿಯದ ಪ್ರಶ್ನೆಗಳನ್ನು ಅದರಲ್ಲಿ ಬರೆದು, ವಾರಕ್ಕೊಮ್ಮೆ ಶಾಲೆಯ ಇಂಗ್ಲಿಷ್ ಶಿಕ್ಷಕರಿಗೆ ತಲುಪಿಸಬೇಕು. ಯಾವ ಪಾಠದಲ್ಲಿ ಮಕ್ಕಳು ಎಡವುತ್ತಿದ್ದಾರೆಂಬುದು ಅವರಿಗೆ ಇದರಿಂದ ತಿಳಿಯುತ್ತದೆ. ಈ ಕೆಲಸವನ್ನು ಶಿಕ್ಷಕರಿಗೆ ಪೈಪೋಟಿಯಾಗಿ ನಡೆಸದೆ, ಅವರನ್ನೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯವರನ್ನೂ ಕರೆದು ಆರಂಭದಲ್ಲಿಯೇ ಸಮಾಲೋಚಿಸಬೇಕು.

7. ಎಸ್‌ಎಸ್‌ಎಲ್‌ಸಿಯ ಮೊದಲ ಪರೀಕ್ಷೆಯಲ್ಲಿ ಇಂಗ್ಲಿಷ್ ಒಂದರಲ್ಲಿಯೇ ಅನುತ್ತೀರ್ಣರಾದ ಮಕ್ಕಳ ಪಟ್ಟಿಯನ್ನು ಶಾಲೆಯಿಂದ ಪಡೆದು, ಸದಸ್ಯರು ಅವರವರ ಮನೆಗೆ ಹೋಗಿ ಮುಂದಿನ ಪರೀಕ್ಷೆಗೆ ಕೂರಿಸಬೇಕು. ಈ ಒಂದು ಕ್ರಮವನ್ನು ಮಾತ್ರ ದಯವಿಟ್ಟು ಮುಂದೂಡಬಾರದು.

ಮುಕ್ತಾಯ

‘ನಮಗೇ ಇಂಗ್ಲಿಷ್ ಬಾರದು, ಮಕ್ಕಳಿಗೆ ಏನು ಹೇಳಿಕೊಡೋಣ ಸಾರ್?’ ಎಂದು ಬೆಳಿಗ್ಗೆ ಉಪಾಹಾರದ ವೇಳೆಯಲ್ಲಿ ಸದಸ್ಯರೊಬ್ಬರು ನನ್ನನ್ನು ಕೇಳಿದರು. ಅವರಿಗೆ ಅಲ್ಲಿ ಹೇಳಿದ್ದನ್ನೇ ಇಲ್ಲಿ ಎಲ್ಲರಿಗೂ ಹೇಳುತ್ತೇನೆ. ಬಾವಿ ತೋಡಿಸುವ ಸದಸ್ಯನಿಗೆ ನೀರಿನ ಸೆಲೆ ಹುಡುಕುವ ವಿದ್ಯೆ ಬರಬೇಕಾಗಿಲ್ಲ. ಜಾಗ ಕೊಡಿಸಿ, ಬಲ್ಲವರನ್ನು ಕರೆಸಿ, ಕೆಲಸ ನಡೆಯುವವರೆಗೆ ಎದುರಿಗೆ ನಿಂತರೆ ಸಾಕು. ಮಕ್ಕಳ ವಿಷಯದಲ್ಲಿಯೂ ತಮ್ಮಿಂದ ಅಪೇಕ್ಷಿಸುವುದು ಅಷ್ಟೇ.

ವಾರಕ್ಕೊಂದು ಸಂಜೆ ತಾವು ಅರಿವು ಕೇಂದ್ರಕ್ಕೆ ಹೋಗಿ, ಒಂದು ಮಗುವಿನ ಪಕ್ಕದಲ್ಲಿ ಕುಳಿತು, ‘ಈ ಪಾಠದಲ್ಲಿ ಏನಿದೆ, ನನಗೆ ಹೇಳು’ ಎಂದು ಕೇಳಿರಿ. ನಾನು ಆ ಹುಡುಗಿಯನ್ನು ಹಾಗೆ ಕೇಳಿದ್ದು ಸೊನ್ನೆ ಹಾಕಿದ ಮರುದಿನ. ಮೊದಲೇ ಕೇಳಬೇಕಾಗಿತ್ತು.